ಮೋನಪ್ಪ ಹಾರದೆ ನಿಂತದ್ದು

ಹೆಣ್ಣು ನೋಡಲು ಬಂದ ಗಂಡು ಮಾವನಾಗುವವರ ಕಾಲಿಗೆ ಬೀಳುವುದು ಉಂಟು. ಮೋನಪ್ಪ ಮಾತ್ರ ಎಡಕ್ಕೆ ಹಾರಿ ಬಿದ್ದ.

1953ರ ಮೇ ತಿಂಗಳು, ಘಾಟ್ಕೋಪರಿನ ಒಂದು ಚಾಳು. ಮನೆಯ ಯಜಮಾನರು ಕಾಂತಪ್ಪ, ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮ್ಯಾನೇಜರು. ಅವರ ಮಗಳು ಶೀಲಾವತಿ ಊರಿನ ಕ್ರಮದಂತೆ ಬಂದವರಿಗೆ ಬೆಲ್ಲ-ನೀರು ತಂದಳು. ಬಗ್ಗುವಾಗ ತಟ್ಟೆ ಓರೆಯಾಗಿ ಬೆಲ್ಲದ ತುಂಡೊಂದು ಅಂಚಿನಿಂದ ಜಾರಿತು. ಅದು ನೆಲ ಮುಟ್ಟುವ ಮೊದಲೇ ಮೋನಪ್ಪ ಬೆಂಚಿನಿಂದ ಅಡ್ಡಡ್ಡ ಹಾರಿದ. ಬೆಲ್ಲ ಅವನ ಕೈಗೆ ಸಿಕ್ಕಿತು. ಚೆಂಬು ಕಾಂತಪ್ಪನವರ ಮಡಿಲಿಗೆ ಸಿಕ್ಕಿತು. ಇಸ್ತ್ರಿ ಹಾಕಿದ ಪಂಚೆಯಿಂದ ನೀರು ನೆಲಕ್ಕಿಳಿಯಿತು. ಶೀಲಾವತಿ ಒಳಗೆ ಓಡಿದಳು. ಒಳಗಿನಿಂದ ಕೇಳಿಬಂದದ್ದು ಅಳುವೋ ನಗುವೋ ಎಂಬುದು ಆ ಮಳೆಗಾಲವಿಡೀ ಮೋನಪ್ಪನನ್ನು ಕಾಡಿತು.

ಒದ್ದೆ ಪಂಚೆಯಲ್ಲೇ ಕಾಂತಪ್ಪ, ಹುಡುಗ ಏನು ಮಾಡುತ್ತಾನೆ ಎಂದು ವಿಚಾರಿಸಿದರು. ಕರೆತಂದಿದ್ದ ಸೋದರಮಾವ ಚೆನ್ನಯ, ಕುರ್ಲಾದ ಬಟ್ಟೆ ಗಿರಣಿಯ ಫುಟ್‌ಬಾಲ್ ತಂಡಕ್ಕೆ ಇವನೇ ಗೋಲ್‌ಕೀಪರ್ ಎಂದು ಎದೆಯುಬ್ಬಿಸಿ ಹೇಳಿದ.

"ಅದು ಆಟ ಆಯಿತು ಮಾರಾಯ್ರೆ. ಕೆಲಸ ಎಂತ?"

"ಬದಲಿ," ಎಂದ ಮೋನಪ್ಪ. ಬೆಲ್ಲ ಅಂಗೈಯಲ್ಲಿ ಕರಗುತ್ತಿತ್ತು.

ಗಿರಣಿಯ ಲೆಕ್ಕದಲ್ಲಿ ಬದಲಿ ಎಂದರೆ, ಕಾಯಂ ಕೆಲಸಗಾರ ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು. ಪ್ರತಿ ಬೆಳಗ್ಗೆ ಗೇಟಿನ ಹತ್ತಿರ ಕಾಯಬೇಕು. ಯಾರಿಗಾದರೂ ಜ್ವರ ಬಂದರೆ ಇವನಿಗೆ ಅನ್ನ. ಇದು ಕಾಂತಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

"ಹುಡುಗ ಒಳ್ಳೆಯವನೇ ಇರಬಹುದು ಚೆನ್ನಯರೆ. ಆದರೆ ಕಂಡದ್ದಕ್ಕೆಲ್ಲ ಹಾರುವವನಿಗೆ ಮಗಳನ್ನು ಹೇಗೆ ಕೊಡುವುದು? ದಸರೆಯ ಒಳಗೆ ಕಾಯಂ ಆದರೆ ಬನ್ನಿ. ಇಲ್ಲದಿದ್ದರೆ ಬಾಂದ್ರಾದ್ದು ಒಂದು ಸಂಬಂಧ ಉಂಟು."

ಬಾಂದ್ರಾದ ವರ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಬೆಳಗ್ಗೆ ಕೂತರೆ ಅಂಗಡಿ ಮುಚ್ಚುವವರೆಗೆ ಏಳುತ್ತಿರಲಿಲ್ಲವಂತೆ. ಕಾಂತಪ್ಪನವರಿಗೆ ಅದು ಬಹಳ ಹಿಡಿಸಿತ್ತು.

ಮೋನಪ್ಪನಿಗೆ ಹಾರುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ ಎನ್ನುವುದೂ ನಿಜ. ಮುಲ್ಕಿಯಿಂದ ಬಂದವನು ಮೊದಲು ಕುರ್ಲಾದ ಹೋಟೆಲೊಂದರಲ್ಲಿದ್ದ. ಲಾರಿಯಿಂದ ಎಸೆಯುವ ಬಾಳೆಲೆಯ ಕಟ್ಟುಗಳನ್ನು ಒಂದು ಎಲೆಯೂ ಹರಿಯದಂತೆ ಹಾರಿ ಹಾರಿ ಹಿಡಿಯುತ್ತಿದ್ದ. ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ವಿಜಾಪುರದ ಕಾಶಪ್ಪ ಇದನ್ನು ನೋಡಿದ. ಗಿರಣಿಯಲ್ಲಿ ಬದಲಿಗಳನ್ನು ಆರಿಸುವ ಜಾಬರ್ ಅವನೇ, ಫುಟ್‌ಬಾಲ್ ತಂಡ ಕಟ್ಟುವವನೂ ಅವನೇ. ಮೋನಪ್ಪ ಮರುವಾರವೇ ಗಿರಣಿಗೆ ಹಾರಿದ. ಆ ವರ್ಷ ಗಿರಣಿಗಳ ನಡುವಿನ ಫುಟ್‌ಬಾಲ್ ಕಪ್ ಗೆದ್ದುಕೊಟ್ಟರೆ ತಂಡದ ಬದಲಿಗಳನ್ನು ಕಾಯಂ ಮಾಡುವುದಾಗಿ ಮೇಲಿನ ಸಾಹೇಬರು ಮಾತು ಕೊಟ್ಟಿದ್ದರು. ಕಾಯುವವನು ಕಾಯಂ ಆಗಲು ಅದೊಂದೇ ದಾರಿ.

ಆ ಮಳೆಗಾಲದಲ್ಲೇ ಚೆಕ್ ದೇಶದಿಂದ ಹೊಸ ಮಗ್ಗಗಳು ಬಂದವು. ಅವನ್ನು ಕೂಡಿಸಿ ಕೊಡಲು ಕುಬೇಶ್ ಎಂಬ ಫಿಟ್ಟರ್ ಬಂದ. ಗಿರಣಿಯವರ ಬಾಯಲ್ಲಿ ಅವನು ಮೊದಲ ದಿನವೇ ಕುಬೇರ ಸಾಹೇಬನಾದ. ಈ ಕುಬೇರನ ಐಶ್ವರ್ಯ ಎಂದರೆ ಎರಡು ಅಂಗಿ, ಒಂದು ಟೋಪಿ, ಬಿಸಿಲಿಗೆ ಬೆಂದ ಒಂದು ಮೂಗು. ಯುದ್ಧಕ್ಕೆ ಮೊದಲು ತನ್ನ ದೇಶದಲ್ಲಿ ಅವನು ಸಂಬಳ ಪಡೆದು ಗೋಲು ಕಾಯುತ್ತಿದ್ದವನು. ಮಂಡಿ ಮುರಿದ ಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದಿದ್ದ.

ಪಾಳಿ ಮುಗಿದ ಮೇಲೆ ಅವನು ಆಟ ನೋಡಲು ಬರುತ್ತಿದ್ದ. ಮೋನಪ್ಪ ಹಾರಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರೆ ಕುಬೇರ ತಲೆ ಅಲ್ಲಾಡಿಸುತ್ತಿದ್ದ. ಅವನ ಇಂಗ್ಲಿಷ್ ಮೋನಪ್ಪನದಕ್ಕಿಂತ ಬಡವಾಗಿತ್ತು.

"ನೋ ಜಂಪ್. ಸ್ಟ್ಯಾಂಡ್."

ಸರಿಯಾದ ಜಾಗದಲ್ಲಿ ನಿಂತವನಿಗೆ ಹಾರುವ ಅಗತ್ಯ ಬೀಳುವುದಿಲ್ಲ ಎಂಬುದನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಮೋನಪ್ಪ ಭಕ್ತಿಯಿಂದ ತಲೆಯಾಡಿಸಿದ, ಚೆಂಡು ಬಂದದ್ದೇ ಎಡಕ್ಕೆ ಹಾರಿದ. ಜುಲೈಯ ಒಂದು ಪಂದ್ಯದಲ್ಲಿ ಹೀಗೆ ಹಾರಿ ಎರಡು ಗೋಲು ಬಿಟ್ಟ. ತಂಡ ಹೇಗೋ ಗೆದ್ದಿತು, ಆದರೆ ಕಾಶಪ್ಪ ಅವನನ್ನು ಪಕ್ಕಕ್ಕೆ ಕರೆದ.

"ಇನ್ನೊಮ್ಮೆ ಹಿಂಗ ಬಿಟ್ಟಿ ಅಂದ್ರ, ನಿನ್ನ ಜಾಗಾಕ್ಕೂ ಒಬ್ಬ ಬದಲಿ ಸಿಗ್ತಾನ ನೋಡಪಾ."

ಗೋಲು ಬಿಟ್ಟವನ ಗೋಳು ಅಲ್ಲಿಂದ ಶುರು. ಊಟ ಸೇರಲಿಲ್ಲ. ಲೋಕಲಿನಲ್ಲಿ ಯಾರಾದರೂ ಕೊಡೆ ಬೀಳಿಸಿದರೆ ಮೈ ತಾನಾಗಿ ಎಡಕ್ಕೆ ವಾಲುತ್ತಿತ್ತು. ಘಾಟ್ಕೋಪರ್ ದಾಟುವಾಗ ಅವನು ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ಫೈನಲಿಗೆ ಮೊದಲು ಕುಬೇರ ತನ್ನ ಹಳೆಯ ಆಟದ ಬೂಟುಗಳನ್ನು ತಂದು ಮೋನಪ್ಪನ ಮುಂದಿಟ್ಟ. ಅಲ್ಲಿಯವರೆಗೆ ಮೋನಪ್ಪ ಬರಿಗಾಲಲ್ಲೇ ಆಡಿದವನು. ಬೂಟು ಎರಡು ಬೆರಳಷ್ಟು ದೊಡ್ಡದು. ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಗಿರಣಿಯಲ್ಲಿ ಯಾವ ಸಂದಿಗೂ ಒಂದೇ ಮದ್ದು. ಮೋನಪ್ಪ ರದ್ದಿ ಹತ್ತಿಯನ್ನು ಮುಂದೆಯೂ ಹಿಂದೆಯೂ ಗಿಡಿದು ಕಾಲು ತೂರಿಸಿದ.

ಫೈನಲ್ ದಿನ ಹಿಡಿದ ಮಳೆ ಬಿಡಲಿಲ್ಲ. ಚೆನ್ನಯ ಕಾಂತಪ್ಪನವರನ್ನು ಕೊಡೆ ಸಮೇತ ಎಳೆದು ತಂದಿದ್ದ. ಕುರ್ಲಾದವರು ಒಂದು ಗೋಲು ಮುಂದಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಮೋನಪ್ಪ ಎಡಕ್ಕೆ ಹಾರುವವನೆಂದು ಊರಿಗೇ ಗೊತ್ತಿದ್ದರಿಂದ, ಒದೆಯುವವನು ಚೆಂಡನ್ನು ನೆಟ್ಟಗೆ ನಡುವಿಗೇ ಬಾರಿಸಿದ. ನೆಟ್ಟ ಕಂಬದ ಹಾಗೆ ನಿಂತಿದ್ದ ಮೋನಪ್ಪ. ಚೆಂಡು ಅವನ ಎದೆಗೆ ಬಡಿದು ಹೊರಗೆ ಹೋಯಿತು. ಕುಬೇರ ಟೋಪಿ ಎಸೆದು ಅತ್ತ. ಕಾಶಪ್ಪ ಓಡಿಬಂದು ಮೋನಪ್ಪನನ್ನು ಎತ್ತಿದರೆ, ಮೊದಲ ಎಳೆತಕ್ಕೆ ಅವನು ಬರಲಿಲ್ಲ. ಸಂತೋಷಕ್ಕೆ ಕಲ್ಲಾಗಿದ್ದಾನೆ ಎಂದುಕೊಂಡರು.

ಮರುವಾರ ಅವನು ಕಾಯಂ ಆದ. ದಸರೆಗೆ ಮೊದಲೇ ಚೆನ್ನಯ ಅವನನ್ನೂ ಕುಬೇರನನ್ನೂ ಘಾಟ್ಕೋಪರಿಗೆ ಕರೆದೊಯ್ದ. ಶೀಲಾವತಿ ಬೆಲ್ಲ-ನೀರು ತಂದಳು. ಮೋನಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಅದನ್ನು ಕಂಡು ಅವಳು ನಕ್ಕಳು. ಮೇ ತಿಂಗಳ ಅದೇ ದನಿ. ಅಳು ಅಲ್ಲವೆಂದು ಅವನಿಗೆ ಅಂದು ಗೊತ್ತಾಯಿತು.

ವೀಳ್ಯ ಕೈ ಬದಲಾಯಿತು, ಮದುವೆಯ ಮಾತು ಗಟ್ಟಿಯಾಯಿತು. ಆ ಪೆನಾಲ್ಟಿಯ ಕಥೆಯನ್ನು ತಿಂಗಳಿಡೀ ಹೋಟೆಲಿನ ಗಿರಾಕಿಗಳಿಗೆ ಬಡಿಸಿದ್ದ ಕಾಂತಪ್ಪ, ಅದರ ಒಳಗುಟ್ಟನ್ನು ಈಗ ಅಳಿಯನ ಬಾಯಿಂದಲೇ ಕೇಳಬಯಸಿದರು. ಕುಬೇರನೂ ಮುರಿದ ಮಂಡಿ ಚಾಚಿಕೊಂಡು ಮುಂದೆ ಬಾಗಿದ.

"ಅಷ್ಟು ಜನ ಕೂಗುತ್ತಿರುವಾಗ ಒಂದು ಕೂದಲೂ ಅಲುಗದ ಹಾಗೆ ನಿಂತೆಯಲ್ಲ, ಆಗ ಮನಸ್ಸಿನಲ್ಲಿ ಎಂತ ಇತ್ತು?"

"ಎಡಕ್ಕೆ ಹಾರಬೇಕು ಅಂತಲೇ ಇತ್ತು ಮಾವ," ಎಂದ ಮೋನಪ್ಪ. "ಹತ್ತಿ ನೀರು ಕುಡಿದು ಉಬ್ಬಿತ್ತು, ಬೂಟು ಕೆಸರಿನಿಂದ ಏಳಲಿಲ್ಲ."