ಕಾಶಿಗೆ ಬರುವವರಿಗೆ ಇಪ್ಪತ್ತೆರಡು ಪ್ರಶ್ನೆಗಳು

ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಕಾಶಿಯಲ್ಲಿ ಮೇಷ್ಟ್ರಾಗಿರುವ ನಾನು ಭಾನುವಾರಗಳಂದು ಗೋದೌಲಿಯಾ ಹತ್ತಿರದ ಕನ್ನಡದವರ ಮಠಕ್ಕೆ ಹೋಗುತ್ತೇನೆ. ಭಕ್ತಿಗಿಂತ ಹೆಚ್ಚಾಗಿ ಅಲ್ಲಿನ ಸಾರಿಗಾಗಿ, ವಾರಕ್ಕೊಮ್ಮೆಯಾದರೂ ಬಾಯ್ತುಂಬ ಕನ್ನಡ ಆಡುವುದಕ್ಕಾಗಿ. ಅಲ್ಲಿ ಕೋಣೆಗಳ ಉಸ್ತುವಾರಿ ನೋಡುವ ಅಯ್ಯನವರು ವಯಸ್ಸಾದವರು. ಊರ ಕಡೆಯಿಂದ ಯಾತ್ರಿಕರು ಫೋನ್ ಮಾಡಿದರೆ ಎಷ್ಟು ಜನ, ಯಾವ ರೈಲು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲೇ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

“ಅಯ್ಯನವರೇ, ಇದನ್ನೆಲ್ಲ ಆನ್‌ಲೈನ್ ಮಾಡಿಬಿಡೋಣ,” ಎಂದೆ.

“ಮಾಡ್ರಿ ಡಾಕ್ಟ್ರೇ. ನಿಮಗ ಪುರುಸೊತ್ತು ಐತಲ್ಲ,” ಎಂದರು.

ಆ ಮಾತು ಆಗ ಚುಚ್ಚಲಿಲ್ಲ. ಎರಡು ದಿನ ಕೂತು ಇಪ್ಪತ್ತೆರಡು ಪ್ರಶ್ನೆಗಳ ಫಾರ್ಮ್ ಮಾಡಿದೆ. ಬರುವ ಉದ್ದೇಶಕ್ಕೆ ನಾಲ್ಕು ಆಯ್ಕೆ: ದರ್ಶನ, ಅಸ್ಥಿ ವಿಸರ್ಜನೆ, ಪ್ರವಾಸ, ಇತರೆ. ಜೊತೆಗೆ ಎಷ್ಟು ಜನ ಎಂದು ಒತ್ತಿದರೆ ಅಷ್ಟೂ ಜನರ ಹೆಸರು, ವಯಸ್ಸು, ಮೊಬೈಲ್ ನಂಬರಿಗೆ ಜಾಗ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಯಾವುದನ್ನೂ ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಗೋತ್ರವನ್ನು ಸೇರಿಸಿದ್ದು ಮಾತ್ರ ನಾನಲ್ಲ, ಮಠದ ಸಮಿತಿಯವರು.

ಅಯ್ಯನವರ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ಲಿಂಕ್ ಕಳಿಸಿದೆ. ವಾರದಲ್ಲಿ ನಲವತ್ತು ಫಾರ್ಮ್ ತುಂಬಿ ಬಂದವು. ಅಂಕಿಅಂಶಗಳ ಬಣ್ಣಬಣ್ಣದ ನಕ್ಷೆ ಮಾಡಿ ಸಮಿತಿಗೆ ತೋರಿಸಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ನೋಡಿದರೆ ತುಂಬಿದವರೆಲ್ಲ ಕಾಶಿಯವರೇ: ದಶಾಶ್ವಮೇಧದ ದೋಣಿಯವರು, ತರಕಾರಿಯವನು, ರಾಮನಗರದಿಂದ ಬರುವ ಹಾಲಿನವನು. ಮಠದಿಂದ ಬಂದದ್ದಲ್ಲವೇ ಎಂದು ಪಾಪ, ಹಿಂದಿಯವರು ಕನ್ನಡ ಬಲ್ಲವರಿಂದ ಓದಿಸಿಕೊಂಡು ಶ್ರದ್ಧೆಯಿಂದ ತುಂಬಿದ್ದರು. ಹಾಲಿನವನು ಫೋನನ್ನೂ ಮಾಡಿದ: “ಭರ್ ದಿಯಾ ಸಾಹಬ್. ಅಬ್ ದೂಧ್ ಕಿತನಾ ಲಾಯೇಂ?” ತುಂಬಿದ್ದಾಯಿತು, ಇನ್ನು ಹಾಲೆಷ್ಟು ತರಲಿ ಎಂದು. ಯಾತ್ರಿಕರು ಎಂದಿನಂತೆ ಅಯ್ಯನವರಿಗೇ ಫೋನ್ ಮಾಡುತ್ತಿದ್ದರು.

ಫಾರ್ಮನ್ನು ಪೂರ್ತಿ ತುಂಬಿದ ಮೊದಲ ಯಾತ್ರಿಕರು ವಿಜಯಪುರದ ಕಡೆಯ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಗಂಡನ ಅಸ್ಥಿ ತಂದಿದ್ದರು. ಭಾನುವಾರ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದರು.

“ನೀವು ಇಬ್ಬರು ಅಂತ ಬರೆದಿದ್ದೀರಿ. ಇನ್ನೊಬ್ಬರು?” ಎಂದು ಕೇಳಿದೆ.

“ಜೊತೀಗೆ ಯಾರು ಅಂತ ಕೇಳಿತ್ತಲ್ರೀ. ಅವರೇ ಇದ್ರು ಚೀಲದಾಗ. ಹೆಸರು, ವಯಸ್ಸು ಕೊಟ್ಟೆ. ನಂಬರ್ ಕೊಡೂತನ ಬಿಡಲಿಲ್ಲ, ಅವರದೂ ಕೊಟ್ಟೆ. ಅವರ ಫೋನೂ ನನ್ನ ಹತ್ರಾನ ಐತಿ,” ಎಂದವರು ಆ ಫೋನನ್ನು ತೆಗೆದು ತೋರಿಸಿದರು. ಅದರಲ್ಲಿ, ಫಾರ್ಮ್ ತುಂಬಿದವರಿಗೆಲ್ಲ ಹೋಗಲೆಂದು ನಾನು ಬರೆದಿಟ್ಟಿದ್ದ ಸಂದೇಶ ತಾನಾಗಿಯೇ ಹೋಗಿ ಕೂತಿತ್ತು: “ಕಾಶಿ ನಿಮಗಾಗಿ ಕಾದಿದೆ. ನಿಮ್ಮ ವಾಸ್ತವ್ಯ ಸುಖಕರವಾಗಿರಲಿ.”

ಎದುರಿಗೆ ಸಾರು ಬಡಿಸುತ್ತಿದ್ದ ಅಯ್ಯನವರು ನನ್ನನ್ನೊಮ್ಮೆ ನೋಡಿ ಮುಂದಿನ ಎಲೆಗೆ ಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಟು ಹೋದವರಿಗೆ ಮೂರನೆಯ ದಿನ ಅಭಿಪ್ರಾಯ ಕೇಳುವ ಇನ್ನೊಂದು ಫಾರ್ಮ್ ಹೋಗುವಂತೆ ಮಾಡಿಟ್ಟಿದ್ದೆ. ಅದನ್ನು ನಿಲ್ಲಿಸುವುದು ಮರೆತೇಹೋಗಿತ್ತು. ಸತ್ತವರ ನಂಬರಿನಿಂದ ಉತ್ತರ ಬಂತು. ಕೋಣೆ: ಚೆನ್ನಾಗಿತ್ತು. ಊಟ: ಚೆನ್ನಾಗಿತ್ತು. ಮತ್ತೊಮ್ಮೆ ಬರುವಿರಾ? ಹೌದು, ಇಲ್ಲ, ಹೇಳಲಾಗದು ಎಂಬ ಮೂರರಲ್ಲಿ “ಹೇಳಲಾಗದು” ಎಂಬುದನ್ನು ಒತ್ತಲಾಗಿತ್ತು.

ನಾಚಿಕೆಯಿಂದ ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಇರ್ಲಿ ಬಿಡ್ರಿ ಸರ. ಇದ್ದಾಗೂ ಅವರು ಯಾವುದಕ್ಕೂ ಹೌದು ಇಲ್ಲ ಅಂದವರಲ್ಲ. ಅದಕ್ಕ ಅದನ್ನ ಒತ್ತಿದೆ,” ಎಂದು ನಕ್ಕರು. ಆ ನಗು ನಡುವೆಯೇ ತುಂಡಾಯಿತು. ಅನಂತರ ಆಕೆಯೇ, “ಪ್ರಶ್ನೆ ಒಂದೀಟು ಕಮ್ಮಿ ಮಾಡ್ರಿ,” ಎಂದರು, ಮಗುವಿನ ಕಾಪಿ ತಿದ್ದುವ ದನಿಯಲ್ಲಿ.

ಮೂರಕ್ಕೆ ಇಳಿಸಿದೆ: ಯಾರು, ಎಷ್ಟು ಜನ, ಯಾವ ರೈಲು. ಅಭಿಪ್ರಾಯದ ಫಾರ್ಮನ್ನು ಅಳಿಸಿಹಾಕಿದೆ. ಸಮಿತಿಗೆ ಮಾತ್ರ ನಕ್ಷೆಯ ರುಚಿ ಹತ್ತಿಬಿಟ್ಟಿದೆ, ತಿಂಗಳಿಗೊಂದು ಬೇಕೇ ಬೇಕು. ಹಾಗಾಗಿ ಭಾನುವಾರ ಊಟವಾದ ಮೇಲೆ ಅಯ್ಯನವರು ಫೋನಿನಲ್ಲಿ ಕೇಳಿ ಬರೆದಿಟ್ಟದ್ದನ್ನು ಗಟ್ಟಿಯಾಗಿ ಓದುತ್ತಾರೆ, ಫಾರ್ಮನ್ನು ನಾನು ತುಂಬುತ್ತೇನೆ.