ಒಳಗಾಲಿಯ ಸದ್ದು

ನಮ್ಮ ಮನೆಯವರ ಹೆಸರನ್ನು ಮದುವೆಯಲ್ಲಿ ಪದ್ಯ ಕಟ್ಟಿ ಒಡಪು ಹೇಳುವಾಗ ಒಮ್ಮೆ ನುಡಿದಿದ್ದೆ, ಅದೂ ನೆಲ ನೋಡಿಕೊಂಡು. ಆಮೇಲೆ ಮೂವತ್ತು ವರ್ಷ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. 'ರೀ' ಅಂದರೂ ಅವರೇ, 'ನಮ್ಮವರು' ಅಂದರೂ ಅವರೇ. ಮಗಳು ಐಶ್ವರ್ಯ ನಗುತ್ತಿದ್ದಳು. ನಗಲಿ, ನಾವು ಬೆಳೆದ ರೀತಿ ಅದು.

ಅವರು ಕನಮಡಿಯವರು. ಹತ್ತೊಂಬತ್ತಕ್ಕೆ ಮಿಲಿಟರಿ ಸೇರಿ ಹದಿನೇಳು ವರ್ಷ ಆರು ಗಾಲಿಯ ಗಾಡಿ ಓಡಿಸಿದರು, ಮೊದಲು ಮರಳಿನಲ್ಲಿ, ಆಮೇಲೆ ಹಿಮದಲ್ಲಿ. ಬರೆದ ಪತ್ರದಲ್ಲೂ ಗಾಡಿಯದೇ ಸುದ್ದಿ. ಹೆಂಡತಿ ಉಂಡಳೋ ಬಿಟ್ಟಳೋ ಕೇಳುವ ಖಬರು ಆ ಮನುಷ್ಯನಿಗೆ ಇರಲಿಲ್ಲ. ಪೆನ್ಶನ್ ಆದ ಮೇಲೆ ತಿಕೋಟಾದಲ್ಲಿ ಮನೆ ಮಾಡಿ, ಘೋಣಸಗಿಯ ಬಸಗೊಂಡಪ್ಪ ಸಾವಕಾರರ ದ್ರಾಕ್ಷಿ ಪಡದಲ್ಲಿ, ಅಂದರೆ ತೋಟದಲ್ಲಿ, ಡ್ರೈವರ್ ಆದರು.

ಗಾಡಿ ಹತ್ತುವ ಮೊದಲು ಕಬ್ಬಿಣದ ರಾಡಿನಿಂದ ಪ್ರತಿ ಗಾಲಿಗೂ ಒಂದು ಏಟು ಹಾಕುತ್ತಿದ್ದರು. ಗಾಳಿ ತುಂಬಿದ್ದರೆ ಠಣ್ ಅನ್ನುತ್ತದೆ, ಇಳಿದಿದ್ದರೆ ಧಪ್ ಅನ್ನುತ್ತದೆ. ಹಿಂದೆ ಜೋಡಿ ಗಾಲಿಗಳಿದ್ದರೆ ಒಳಗಿನದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅದನ್ನು ಕಿವಿಯಿಂದಲೇ ನೋಡಬೇಕು.

ಆ ಕಿವಿಯೇ ಎರಡು ವರ್ಷದ ಹಿಂದೆ ಕೈಕೊಟ್ಟಿತು. ವಿಜಯಪುರದ ಡಾಕ್ಟರು ಕೊಟ್ಟ ಕಿವಿಯ ಮಷೀನನ್ನು ಅವರು ಟ್ರಂಕಿನ ತಳಕ್ಕೆ ಹಾಕಿದರು. "ಕಿವಿ ಹೋಗ್ಯಾವ ಅಂತ ಗೊತ್ತಾದ್ರ ಸಾವಕಾರ ನನ್ನ ಕೈಯಾಗ ಚಾವಿ ಕೊಡೂದಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದರು. ಚಾವಿ ಕಸಿದುಕೊಂಡರೆ ಈ ಮನುಷ್ಯ ಬದುಕುವುದಿಲ್ಲ ಎಂದು ನನಗೂ ಗೊತ್ತಿತ್ತು. ಅಂದಿನಿಂದ ಬುತ್ತಿ ಕೊಡುವ ನೆಪದಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅವರು ಗಾಲಿ ಬಾರಿಸುವಾಗ ಹಿಂದೆ ನಿಲ್ಲುತ್ತಿದ್ದೆ. ಧಪ್ ಅಂದರೆ ಮೊಣಕೈ ಮುಟ್ಟುತ್ತಿದ್ದೆ, ಅಷ್ಟೇ.

ಹೋದ ಸುಗ್ಗಿಯಲ್ಲಿ ಅಕಾಲ ಮಳೆ ಬಂತು. ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತು, ಕಡಿದಿಟ್ಟ ದ್ರಾಕ್ಷಿ ಕೊಳೆಯಿತು. ಸಾವಕಾರರು ಆರು ಗಾಲಿಯ ಗಾಡಿಯನ್ನೇ ಕೊಳ್ಳುವುದೆಂದು ಮೂರು ತರದವನ್ನು ತರಿಸಿ, ಯಾವುದು ಒಳ್ಳೆಯದೆಂದು ಹೇಳುವ ಕೆಲಸ ನಮ್ಮವರಿಗೆ ಒಪ್ಪಿಸಿದರು. ಸಾವಕಾರರ ಬಬಲೇಶ್ವರದ ಬೀಗರು ಸೇರಿ ಹತ್ತು ಹನ್ನೆರಡು ಗಂಡಸರು ನೋಡಲು ನೆರೆದಿದ್ದರು. ನನ್ನನ್ನು ಸಾವಕಾರರ ಹೆಂಡತಿ ನೀಲಾಬಾಯಿ ದೂರದ ಬೇವಿನ ಕೆಳಗೆ ತನ್ನ ಪಕ್ಕ ಕೂರಿಸಿಕೊಂಡಳು.

ಮೊದಲನೆಯದು ತೆರೆದ ಸಣ್ಣ ಗಾಡಿ. ಆರೂ ಗಾಲಿಗಳಿಗೆ ಇಂಜಿನ್ನಿನ ಬಲ. ಕೆಸರಿನ ಮೇಲೆ ಹಗುರಾಗಿ ಹೋಯಿತು. ಆದರೆ ಅದರ ಗಾಲಿ ಎಡಕ್ಕೂ ಬಲಕ್ಕೂ ಹೊರಳುವುದಿಲ್ಲ, ಒಂದು ಮಗ್ಗುಲನ್ನು ತಡೆದು ಇನ್ನೊಂದನ್ನು ಓಡಿಸಿಯೇ ತಿರುಗಬೇಕು. ತಿರುಗಿದಲ್ಲೆಲ್ಲ ನೆಲ ಕಿತ್ತು, ಹನಿ ನೀರಿನ ಪೈಪೂ ತುಂಡಾಯಿತು. ಬಳ್ಳಿಯ ಬೇರಿಗೆ ಇದು ವೈರಿ ಅಂದರು ನಮ್ಮವರು. ಎರಡನೆಯದು ಮೂರು ಅಚ್ಚಿನ ದೊಡ್ಡ ಟ್ರಕ್ಕು, ಮಿಲಿಟರಿಯದರ ಹಾಗೆ. ಅದರ ಸ್ಟೇರಿಂಗ್ ಹಿಡಿದಾಗ ಅವರ ಮುಖ ನೋಡಬೇಕಿತ್ತು, ನನ್ನ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ಆದರೂ ಇಳಿದು ಬಂದು, ಪಡದ ಸಾಲಿನಲ್ಲಿ ಇದು ಹಿಡಿಸುವುದಿಲ್ಲ, ಡೀಸೆಲ್ಲನ್ನೂ ನೀರಿನ ಹಾಗೆ ಕುಡಿಯುತ್ತದೆ ಎಂದು ಖರೆ ಹೇಳಿದರು.

ಮೂರನೆಯದು ಯಾರೋ ಓಡಿಸಿ ಬಿಟ್ಟ ಚಿಕ್ಕ ಲಾರಿ. ಮುಂದೆ ಎರಡು ಗಾಲಿ, ಹಿಂದೆ ಜೋಡಿ ಜೋಡಿ ನಾಲ್ಕು. "ಇದು ಎಣಿಸಾಕ ಆರು ಗಾಲಿ, ನೆಲಾ ಹಿಡಿಯೂದು ನಾಕ ಕಡೆನ. ಆದ್ರ ಪಡಕ್ಕೂ ಹಿಡಸ್ತೈತಿ, ರಸ್ತಾಕ್ಕೂ ಆಗ್ತೈತಿ. ಹೇರಿ, ಹಳ್ಳಕ್ಕ ಇಳಿಸಿ ನೋಡಿ ಹೇಳ್ತೀನ್ರಿ," ಅಂದು, ದ್ರಾಕ್ಷಿ ಹೇರಿಸಿ, ರಾಡು ಎತ್ತಿಕೊಂಡರು.

ಮುಂದಿನವು ಠಣ್ ಅಂದವು. ಹಿಂದೆ ಎಡಗಡೆಯ ಒಳಗಾಲಿ ಧಪ್ ಅಂದಿತು. ಬೇವಿನ ಬುಡದಲ್ಲಿ ಕೂತ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಗಂಡಸರ ನಡುವೆ ಹೋಗಿ ಗಂಡನ ಮೊಣಕೈ ಹೇಗೆ ಮುಟ್ಟಲಿ? ಎದ್ದು ನಿಂತು 'ರೀ' ಅಂದೆ. ಮತ್ತೊಮ್ಮೆ ಅಂದೆ. ಎಲ್ಲರೂ ತಿರುಗಿದರು, ಅವರು ತಿರುಗಲಿಲ್ಲ.

"ಏನವ್ವಾ ನಂದಾ?" ಸಾವಕಾರರು ನನ್ನ ಹೆಸರು ಹಿಡಿದು ಕೇಳಿದರು.

ಹೇಳಬಹುದಿತ್ತು. ಹೇಳಿದ್ದರೆ ಕಿವಿಯ ಗುಟ್ಟು ಅಲ್ಲೇ ಹೊರಬೀಳುತ್ತಿತ್ತು.

"ಏನಿಲ್ರಿ. ಚಾ ಕುಡದ ಹೋಗ್ಲಿ ಅಂತ ಕರದ್ನಿ," ಅಂದೆ.

ಗಂಡಸರೆಲ್ಲ ನಕ್ಕರು. ಎಲ್ಲರೂ ನಗುವುದು ಕಂಡು ನಮ್ಮವರೂ ನಕ್ಕರು, ಒಂದಕ್ಷರ ಕೇಳಿಸದೆ. ನಗುತ್ತಲೇ ಗಾಡಿ ಹತ್ತಿದರು. ಸುಟ್ಟುಹೋಗಲಿ ನನ್ನ ನಾಲಿಗೆ.

ಹಳ್ಳದ ಇಳಿಜಾರಿನಲ್ಲಿ ಎಲ್ಲ ಭಾರವೂ ಹೊರಗಾಲಿಯ ಮೇಲೆ ಬಿದ್ದು ಅದು ಒಡೆಯಿತು. ಹೇರಿದ ದ್ರಾಕ್ಷಿಯ ಸಮೇತ ಲಾರಿ ಎಡಕ್ಕೆ ಮಗುಚಿತು. ನಾನೂ ನೀಲಾಬಾಯಿಯೂ ಅವರನ್ನು ಸಾವಕಾರರ ಕಾರಿನಲ್ಲೇ ವಿಜಯಪುರಕ್ಕೆ ಒಯ್ದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ಉಸಿರು ಹೋಗಿ ಬಹಳ ಹೊತ್ತಾಯಿತು ಅಂದರು.

ಬರೆದುಕೊಳ್ಳುವವಳು ಸತ್ತವರ ಹೆಸರು ಕೇಳಿದಳು. ನೀಲಾಬಾಯಿ ನನ್ನ ಬದಲು ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ.

"ಸಂಗನಬಸವ," ಅಂದೆ. ಹೊಲದ ಆಚೆ ಬದುವಿನಲ್ಲಿದ್ದವರನ್ನು ಕೂಗುವ ಹಾಗೆ, ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಅಂದೆ. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಿಳಿ ಬಟ್ಟೆ ಹೊದ್ದು ಅವರು ಅಲ್ಲೇ, ನನ್ನಿಂದ ಮೊಳದಷ್ಟು ದೂರದಲ್ಲಿ ಮಲಗಿದ್ದರು.