ಅಟ್ಟ ಹತ್ತಿದ ಮೇಪಲ್ ಕತ್ತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೇರೆಯವರ ಗಿಟಾರಿನ ಕತ್ತಿಗೆ ತೆಂಗಿನೆಣ್ಣೆ ಹಚ್ಚಿ, ಅದನ್ನು ಒಣಗಲಿ ಅಂತ ಕೊಬ್ಬರಿ ಅಟ್ಟದ ಮೇಲೆ ಇಟ್ಟವನು ನಾನೇ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಏನೂ ಮಾಡಬೇಡ ಅಂತ ಮಾತ್ರ ಹೇಳಿದ್ದರು.

ಎರಡು ವರ್ಷದ ಹಿಂದಿನ ಬೇಸಿಗೆ. ತಿಪಟೂರಿನಲ್ಲಿ ಗಿಟಾರ್ ರಿಪೇರಿ ಅಂಗಡಿ ತೆರೆದು ನನಗದು ಮೂರನೇ ವರ್ಷ. ನಾನೇ ಮಾಲೀಕ, ನಾನೇ ಕೆಲಸಗಾರ. ಗಿರಾಕಿ ಬಾರದ ದಿನ ಗಿರಾಕಿಯೂ ನಾನೇ. ಬಂದವರ ದನಿಯನ್ನು ಅವರು ಮೆಟ್ಟಿಲು ಇಳಿಯುವ ಮುಂಚೆಯೇ ಅಣಕಿಸುವುದು ನನ್ನ ಚಾಳಿ. ನಮ್ಮಜ್ಜಿಯ ಕೆಮ್ಮನ್ನು ಅಜ್ಜಿಗಿಂತ ಚೆನ್ನಾಗಿ ಕೆಮ್ಮುತ್ತೇನೆ.

ಒಂದು ಸೋಮವಾರ ಶಶಿಕಲಾ ಎರಡು ಗಿಟಾರ್ ಹೊತ್ತು ತಂದಳು. ಹಗಲು ಚಿಕ್ಕನಾಯಕನಹಳ್ಳಿಯ ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದಿತ್ತು, ಆಪರೇಷನ್ ಮಾಡಿ ಒಳಗೆ ಪ್ಲೇಟ್ ಕೂರಿಸಿದ್ದರು. ಆರ್ಕೆಸ್ಟ್ರಾ ನಡೆಸುವ ತುರುವೇಕೆರೆಯ ಚಂದ್ರಣ್ಣ ಅವಳ ಜಾಗಕ್ಕೆ ಬೇರೊಬ್ಬನನ್ನು ಇಟ್ಟುಕೊಂಡಿದ್ದರು. ಈಗ ವಾಪಸ್ ಕರೆದಿದ್ದರು, ಭಾನುವಾರದ ಪ್ರ್ಯಾಕ್ಟೀಸಿಗೆ. ಅಲ್ಲಿ ಕೈ ನಡೆದರೆ ಜಾಗ, ಇಲ್ಲದಿದ್ದರೆ ಇಲ್ಲ.

ಎರಡೂ ಸಿಗ್ನೇಚರ್ ಮಾಡೆಲ್, ಅಂದರೆ ಒಬ್ಬ ಹೆಸರಾಂತ ವಾದಕನ ರುಚಿಗೆ ತಕ್ಕಂತೆ ಮಾಡಿ, ತಲೆಯ ಮೇಲೆ ಅವನ ಸಹಿ ಹಾಕಿದ ಗಿಟಾರ್. ಅವಳದು ಹಳೆಯದು, ಎಡಗೈ ಹಿಡಿಯುವ ಕತ್ತು ಮಹಾಗನಿ ಮರದ್ದು, ದಪ್ಪ, ಮೇಲೆ ಗಾಜಿನಂಥ ವಾರ್ನಿಷ್. ಇನ್ನೊಂದು ಚಂದ್ರಣ್ಣನದೇ. ಅದರದು ತೆಳುವಾದ ಮೇಪಲ್ ಕತ್ತು, ವಾರ್ನಿಷ್ ಬಳಿಯದ ಬರಿ ಮರ. ತಮ್ಮ ಹೆಂಡತಿಗೂ ಮುಟ್ಟಲು ಕೊಡದ ಗಿಟಾರನ್ನು ಅವರು, ತೆಳು ಕತ್ತು ಅವಳ ಕೈಗೆ ಹಗುರಾದೀತೆಂದು, ಅವಳಿಗೆ ಕೊಟ್ಟು ಕಳಿಸಿದ್ದರು.

"ಯಾವ ಕತ್ತು ನನ್ನ ಕೈಗೆ ಹಗುರ ಅಂತ ನೋಡಿ ಹೇಳು, ಅಷ್ಟೇ ಸಾಕು," ಅಂದಳು. "ಚಂದ್ರಣ್ಣನ ಗಿಟಾರ್‌ಗೆ ತಂತಿ ಹಾಕೋದು ಬಿಟ್ಟು ಒಂದು ಸ್ಕ್ರೂನೂ ತಿರುಗಿಸಬೇಡ ಕಣಪ್ಪ. ಅವರು ನನ್ನ ನಂಬಿ ಕೊಟ್ಟವ್ರೆ."

"ಹೂವಿನ ಹಾಗೆ ನೋಡ್ಕತೀನಿ ಬುಡಮ್ಮ," ಅಂದೆ, ಚಂದ್ರಣ್ಣನದೇ ಗೊಗ್ಗರು ದನಿಯಲ್ಲಿ. ಅವಳು ನಗಲಿಲ್ಲ.

ಮಂಗಳವಾರ ಎರಡನ್ನೂ ಅರಳಗುಪ್ಪೆಯ ನಮ್ಮ ಮನೆಗೆ ಒಯ್ದೆ. ಹೋಲಿಕೆಯನ್ನಂತೂ ಕ್ರಮವಾಗಿಯೇ ಮಾಡಿದೆ: ಎರಡಕ್ಕೂ ಒಂದೇ ದಪ್ಪದ ಹೊಸ ತಂತಿ, ಒಂದೇ ಆಂಪ್ಲಿಫೈಯರ್, ಒಂದೇ ಸ್ವರ. ಮೇಪಲ್ಲಿನ ನಾದ ಮೀಟಿದ ಕೂಡಲೇ ಚುರುಕಾಗಿ ಏಳುತ್ತಿತ್ತು, ಕಾಯಿ ಒಡೆದ ಹಾಗೆ. ಮಹಾಗನಿಯದು ಸ್ವಲ್ಪ ದುಂಡಗೆ, ತಡವಾಗಿ ತುಂಬಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿಸಿ ಅಜ್ಜಿಗೂ ಕೇಳಿಸಿದೆ.

"ಎರಡೂ ಒಂದೇ ಗದ್ಲ ಕಣ್ಲಾ," ಅಂದಿತು ಅಜ್ಜಿ. "ಉಣ್ಣಕ್ಕೆ ಬತ್ತೀಯೋ ಇಲ್ವೋ?"

ಅಜ್ಜಿಯ ಮಾತು ಮುಕ್ಕಾಲು ಪಾಲು ನಿಜ. ನಾದದಲ್ಲಿ ವ್ಯತ್ಯಾಸ ಒಂದಾಣೆಯಾದರೆ ಕೈಗೆ ತಿಳಿಯುವ ವ್ಯತ್ಯಾಸ ಹದಿನೈದಾಣೆ. ತೆಳು ಮೇಪಲ್ಲೇ ಶಶಿಕಲಾಳ ಕೈಗೆ ಸರಿ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಆ ಬರಿ ಮರ ಅಂಗೈಗೆ ಒಣ ಒಣವಾಗಿ ತರಚಿದಂತಾಯಿತು. ಬಾಗಿಲಿನ ಕೀಲಿನಿಂದ ಹಿಡಿದು ಮಚ್ಚಿನ ಹಿಡಿಯವರೆಗೆ ನಮ್ಮ ಕಡೆ ಎಲ್ಲಕ್ಕೂ ಒಂದೇ ಮದ್ದು, ತೆಂಗಿನೆಣ್ಣೆ. ಬೆರಳಲ್ಲಿ ಅದ್ದಿ, ಕೂಸಿಗೆ ಹಚ್ಚುವ ಹಾಗೆ ಕತ್ತಿಗೆ ಹಚ್ಚಿ ತೀಡಿದೆ.

ಅಗಸೆ ಎಣ್ಣೆ ಮರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಯಾವತ್ತೂ ಒಣಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ. ಬುಧವಾರ ಬೆಳಿಗ್ಗೆ ಮುಟ್ಟಿದರೆ ಕತ್ತು ಅಂಟಂಟು. ಒಂದು ತಪ್ಪು ಮುಚ್ಚಲು ಎರಡನೆಯದನ್ನು ಹುಡುಕಿದೆ. ವರ್ಷಗಟ್ಟಲೆ ಕಾಯಿ ಇಟ್ಟು ಕೊಬ್ಬರಿ ಮಾಡುವ ಅಟ್ಟ ನಮ್ಮ ಮನೆಯಲ್ಲಿದೆ, ಮೇಲೆ ತಗಡಿನ ಸೂರು. ಕಾಯೊಳಗಿನ ನೀರನ್ನೇ ಇಂಗಿಸುವ ಜಾಗ, ಬೆರಳೆಣಿಕೆಯ ಹನಿ ಎಣ್ಣೆ ಯಾವ ಲೆಕ್ಕ ಅಂದುಕೊಂಡೆ. ತಂತಿ ಸಡಿಲಿಸದೆ ಗಿಟಾರನ್ನು ಕಾಯಿಗಳ ನಡುವೆ ಮಲಗಿಸಿ ಅಂಗಡಿಗೆ ಹೋದೆ.

ಸಂಜೆ ಅಟ್ಟ ಹತ್ತಿದೆ. ತಗಡು ಇನ್ನೂ ಸುಡುತ್ತಿತ್ತು. ಗಿಟಾರ್ ಎತ್ತಿ ಕತ್ತಿನುದ್ದಕ್ಕೂ ಒಂದು ಕಣ್ಣಿಟ್ಟು ನೋಡಿದೆ. ಕಾವಿಗೆ ಮರ ಮೆತ್ತಗಾಗಿ, ತಂತಿಗಳು ಎಳೆದ ಕಡೆಗೆ ಬಾಗಿತ್ತು. ಅಳತೆಪಟ್ಟಿ ತೂರಿಸಿ ನೋಡಿದೆ. ತಂತಿಯನ್ನು ಕತ್ತಿನ ಎರಡೂ ತುದಿಯಲ್ಲಿ ಒತ್ತಿ ಹಿಡಿದರೆ, ತಂತಿಗೂ ಏಳನೆಯ ಫ್ರೆಟ್ಟಿಗೂ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗೂ, ಕಾಲು ಮಿಲಿಮೀಟರ್ ಸಂದು ಇರಬೇಕು. ಒಂದು ಮಿಲಿಮೀಟರಿಗೂ ಮಿಕ್ಕಿ ಇತ್ತು. ಮುರಿದ ಮಣಿಕಟ್ಟಿನವಳು ಆ ಎತ್ತರದ ತಂತಿ ಒತ್ತುವುದು ಆಗದ ಮಾತು.

ಕೆಳಗಿನಿಂದ ಅಜ್ಜಿ, "ಏನ್ಲಾ, ಹಾವು ಕಂಡಂಗೆ ನಿಂತಿದೀಯ?" ಅಂತು. ಭಯವಾದಾಗ ಯಾರದಾದರೂ ದನಿ ತೆಗೆದು ತಪ್ಪಿಸಿಕೊಳ್ಳುವವನು ನಾನು. ಆವತ್ತು ಯಾರ ದನಿಯೂ ಬರಲಿಲ್ಲ, ನನ್ನದೂ.

ಕತ್ತಿನೊಳಗೆ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸರಳಿರುತ್ತದೆ. ಅದನ್ನು ಬಿಗಿ ಮಾಡಿದರೆ ಬಾಗಿದ ಮರ ನೆಟ್ಟಗಾಗುತ್ತದೆ. ಮಿತಿ ಮೀರಿದರೆ ಸರಳು ತುಂಡಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತಂತಿ ಸಡಿಲಿಸಿ, ಸರಳಿನ ತುದಿಗೆ ಕೀಲಿ ಹಾಕಿ ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿದೆ. ಒಳಗಿಂದ 'ಟಿಕ್' ಅಂದಿತು.

ಕೀಲಿಯಿಂದ ಕೈ ತೆಗೆದೆ. ಒಳಗೆ ಏನಾಯಿತೆಂದು ನೋಡಲು ದಾರಿಯೇ ಇಲ್ಲ. ತಿಳಿಯುವ ಉಪಾಯ ಒಂದೇ: ತಂತಿ ಮತ್ತೆ ಬಿಗಿದು, ಮಧ್ಯಾಹ್ನದವರೆಗೆ ಬಿಟ್ಟು ಅಳೆಯುವುದು. ಸಂದು ಕಡಿಮೆಯಾಗಿದ್ದರೆ ಸರಳು ಬದುಕಿದೆ, ಅಷ್ಟೇ ಇದ್ದರೆ ಸತ್ತಿದೆ. ಆ ಮೂರು ಗಂಟೆಯಲ್ಲಿ ಶಶಿಕಲಾ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಬೀದಿಯಲ್ಲಿ ಬೈಕ್ ನಿಂತ ಸದ್ದಾದರೆ ಚಂದ್ರಣ್ಣನೇ ಬಂದರು ಅಂತ ಗಿಟಾರಿನ ಮೇಲೆ ಟವೆಲ್ ಹೊದಿಸುತ್ತಿದ್ದೆ, ಹೆಣಕ್ಕೆ ಹೊದಿಸಿದ ಹಾಗೆ. ಅಳೆಯಲು ಹೋದಾಗ ಪಟ್ಟಿ ಎರಡು ಬಾರಿ ಕೆಳಗೆ ಬಿತ್ತು. ಮೂರನೆಯ ಬಾರಿ ನಿಂತಿತು. ಸಂದು ಕೂದಲೆಳೆಯಷ್ಟು ಇಳಿದಿತ್ತು.

ಆಮೇಲೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ತಿರುಗಿಸುತ್ತ ಬಂದೆ. 'ಟಿಕ್' ಮತ್ತೆ ಕೇಳಲಿಲ್ಲ, ಆದರೆ ಪ್ರತಿ ಸಲವೂ ಕೇಳೀತೆಂದು ಕಿವಿಯನ್ನು ಮರಕ್ಕೇ ಒತ್ತಿಟ್ಟಿದ್ದೆ. ಶನಿವಾರದ ಹೊತ್ತಿಗೆ ಸಂದು ಕಾಲು ಮಿಲಿಮೀಟರಿಗೆ ಬಂತು. ಸ್ಪಿರಿಟ್ ಹಾಕಿ ಎಣ್ಣೆ ಒರೆಸಿದೆ. ಅಂಟು ಹೋಯಿತು, ವಾಸನೆ ಹೋಗಲಿಲ್ಲ.

ಶಶಿಕಲಾ ಬಂದಾಗ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಳು. "ಅವರಿಗೆ ಯಾರು ಹೇಳೋದು?" ಅಂದಳು.

"ನಾನೇ ಬತ್ತೀನಿ."

ಈ ಕಸುಬು ನನಗೆ ಕಲಿಸಿದ ಪಾಠ ಇದು: ಹೋಲಿಸು ಅಂದರೆ ಹೋಲಿಸಿ ಕೈ ತೊಳೆದುಕೊಳ್ಳಬೇಕು. ಎರಡರಲ್ಲಿ ಒಂದನ್ನು ತಿದ್ದಲು ಹೊರಟ ಕ್ಷಣ ಅದು ಹೋಲಿಕೆಯಲ್ಲ, ನಮ್ಮ ಜಂಬ. ಆ ಜಂಬದ ಬೆಲೆಯನ್ನು ತೆರುವವರು ಸಾಮಾನ್ಯವಾಗಿ ನಾವಲ್ಲ.

ಭಾನುವಾರ ಶಶಿಕಲಾಳ ಜೊತೆ ತುರುವೇಕೆರೆಯ ಪ್ರ್ಯಾಕ್ಟೀಸಿಗೆ ಹೋದೆ. ಚಂದ್ರಣ್ಣ ಪೆಟ್ಟಿಗೆ ತೆಗೆದು, ಗಿಟಾರ್ ಎತ್ತಿ, ಮೂಗು ಅರಳಿಸಿದರು.

"ಏನಿದು, ಮದುವೆ ಹೆಣ್ಣಿನ ಜಡೆ ವಾಸನೆ ಹೊಡೀತದೆ?"

ತೊದಲುತ್ತ ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕತ್ತಿನುದ್ದಕ್ಕೂ ಕಣ್ಣು ಹಾಯಿಸಿದರು, ಸಹಿಯ ಮೇಲೆ ಹೆಬ್ಬೆರಳು ಆಡಿಸಿದರು. ಡ್ರಮ್ಮಿನವನು ಕೋಲು ಕೆಳಗಿಟ್ಟ. ಅವಳ ಜಾಗದಲ್ಲಿದ್ದ ಹುಡುಗ ತನ್ನ ಗಿಟಾರಿನ ಶ್ರುತಿ ನೋಡಿಕೊಳ್ಳತೊಡಗಿದ.

"ನೋಡಮ್ಮ," ಅಂದರು ಚಂದ್ರಣ್ಣ, ಶಶಿಕಲಾಳಿಗೆ. "ಒಂದ್ಸಲ ಬಗ್ಗಿದ್ದನ್ನ ಸ್ಟೇಜ್ ಮೇಲೆ ಹೆಂಗೆ ನಂಬೋದು? ಹಾಡಿನ ಮಧ್ಯ ಕೈ ಕೊಟ್ರೆ?"

ಅವಳು ಗಿಟಾರನ್ನು ಅವರ ಕೈಯಿಂದ ತೆಗೆದುಕೊಂಡು ಬೆಲ್ಟು ಹೆಗಲಿಗೆ ಹಾಕಿಕೊಂಡಳು. ಎಡಗೈ ಕತ್ತಿನ ಮೇಲೆ ಸರಿದು ನಿಂತಿತು.

"ನನ್ನ ಮಣಿಕಟ್ಟಿನೊಳಗೂ ಇರೋದು ಸ್ಟೀಲೇ ಸಾರ್. ಅದನ್ನ ನಂಬಿ ಕರೆಸಿದ್ರೆ ಇದನ್ನೂ ನಂಬಿ. ಅದನ್ನ ನಂಬಲ್ಲ ಅಂದ್ರೆ ಈಗ್ಲೇ ಹೇಳಿಬುಡಿ, ನಾಲ್ಕೂವರೆ ಬಸ್ಸು ಸಿಗ್ತದೆ."